ಮನೆಯ ವೇಷ ತೊಟ್ಟ ನೀರಿನ ಗೋಪುರ

ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್ ಪ್ರಾಂತದಲ್ಲಿ ಥಾರ್ಪ್‌ನೆಸ್ ಎಂಬ ಪುಟ್ಟ ಹಳ್ಳಿಯೊಂದಿದೆ. ಅಲ್ಲಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಮರಗಳ ನೆತ್ತಿಯ ಮೇಲೆ ಕುಳಿತಂತಿರುವ ಒಂದು ಕೆಂಪು ಮನೆ. ಇಳಿಜಾರಾದ ಮಾಡು, ಹೊಗೆಗೂಡು, ಕಿಟಕಿ ಎಲ್ಲವೂ ಅದಕ್ಕುಂಟು. ಹತ್ತಿರ ಹೋದರೆ, ಅದನ್ನು ಹೊತ್ತು ನಿಂತಿರುವ ಕಡುಬಣ್ಣದ ಹಲಗೆಯ ಚೌಕ ಗೋಪುರ ಕಾಣುತ್ತದೆ. ಒಟ್ಟು ಎತ್ತರ 70 ಅಡಿ. ‘ಮೋಡಗಳಲ್ಲಿನ ಮನೆ’ ಎಂದು ಇದರ ಹೆಸರು. 1923ರಲ್ಲಿ ಇದನ್ನು ಕಟ್ಟಿದಾಗ ಆ ಮೇಲಿನ ಮನೆಯಲ್ಲಿ ವಾಸವಾಗಿದ್ದದ್ದು ಮನುಷ್ಯರಲ್ಲ, ನೀರು.

ಈ ವಿಚಿತ್ರದ ಹಿಂದೆ ಇದ್ದವನು ಗ್ಲೆನ್‌ಕೇರ್ನ್ ಸ್ಟುಅರ್ಟ್ ಓಗಿಲ್ವಿ. ತಂದೆ ರೈಲುಹಾದಿಗಳನ್ನು ಕಟ್ಟಿ ಹಣ ಮಾಡಿದವನು. ಮಗ ಓದಿದ್ದು ವಕೀಲಿ, ಒಲಿದದ್ದು ನಾಟಕಕ್ಕೆ. 1893ರಲ್ಲಿ ಲಂಡನ್ನಿನ ಹೇಮಾರ್ಕೆಟ್ ರಂಗಮಂದಿರದಲ್ಲಿ ಇವನ ‘ಹೈಪೇಷಿಯ’ ನಾಟಕ ಪ್ರಯೋಗವಾಗಿತ್ತು. 1908ರಲ್ಲಿ ತಾಯಿಯ ಆಸ್ತಿ ಕೈಗೆ ಬಂದಾಗ ಅದರಲ್ಲಿ ಥಾರ್ಪ್ ಎಂಬ ಬೆಸ್ತರ ಕೇರಿಯೂ ಸೇರಿತ್ತು. ಅದನ್ನು ಸಂಸಾರವಂದಿಗರು ರಜೆ ಕಳೆಯುವ ಊರನ್ನಾಗಿ ಮಾರ್ಪಡಿಸಬೇಕೆಂದು ಅವನು ಹೊರಟ. ಮಕ್ಕಳು ದೋಣಿಯಾಡಲೆಂದು ಆಳವಿಲ್ಲದ ದೊಡ್ಡ ಕೆರೆಯೊಂದನ್ನು ತೋಡಿಸಿ 1913ರಲ್ಲಿ ತೆರೆದ. ‘ಪೀಟರ್ ಪ್ಯಾನ್’ ನಾಟಕ ಬರೆದ ಜೆ. ಎಂ. ಬ್ಯಾರಿ ಅವನ ಸ್ನೇಹಿತ. ಕೆರೆಯ ನಡುಗಡ್ಡೆಗಳಿಗೆ ಆ ನಾಟಕದ ತಾಣಗಳ ಹೆಸರುಗಳೇ ಬಂದವು. ನಾಟಕಕಾರನ ಕೈಗೆ ಒಂದು ಊರು ಸಿಕ್ಕರೆ ಏನಾಗುತ್ತದೆ ಎನ್ನುವುದಕ್ಕೆ ಥಾರ್ಪ್‌ನೆಸ್ಸಿಗಿಂತ ಬೇರೆ ನಿದರ್ಶನ ಬೇಡ.

ಆದರೆ ನಾಟಕದ ಊರಿಗೂ ನೀರು ಬೇಕಲ್ಲ! ಅದು ತಗ್ಗಾದ, ಸಪಾಟಾದ ಕಡಲತೀರ. ತೊಟ್ಟಿ ಇಡಲು ಗುಡ್ಡವಿಲ್ಲ. ನೀರನ್ನು ಎತ್ತರದಲ್ಲಿ ನಿಲ್ಲಿಸಿದ ಹೊರತು ನಲ್ಲಿಯಲ್ಲಿ ರಭಸ ಬಾರದು. ಗೋಪುರ ಕಟ್ಟದೆ ಗತಿಯಿರಲಿಲ್ಲ. ಉಕ್ಕಿನ ಕಾಲುಗಳ ಮೇಲೆ ಬತ್ತಲೆಯಾಗಿ ನಿಂತ ತೊಟ್ಟಿ ತನ್ನ ಊರಿನ ಅಂದ ಕೆಡಿಸುತ್ತದೆ ಎಂಬ ಚಿಂತೆ ಓಗಿಲ್ವಿಗೆ. ರಂಗಭೂಮಿಯವನಿಗೆ ಹೊಳೆಯುವ ಉಪಾಯ ಒಂದೇ: ವೇಷ ಹಾಕುವುದು. ವಾಸ್ತುಶಿಲ್ಪಿ ಫೋರ್ಬ್ಸ್ ಗ್ಲೆನಿ ತೊಟ್ಟಿಯ ಸುತ್ತ ಒಂದು ಮನೆಯ ಆಕಾರವನ್ನು ಕಟ್ಟಿದ. ಕಿಟಕಿಗಳು ತೋರಿಕೆಯವು. ಒಳಗೆ 50,000 ಗ್ಯಾಲನ್, ಅಂದರೆ ಸುಮಾರು 2,27,000 ಲೀಟರ್ ನೀರು.

ಇಷ್ಟಕ್ಕೇ ಬಿಟ್ಟಿದ್ದರೆ ಇದು ಸಿರಿವಂತನೊಬ್ಬನ ಷೋಕಿ ಎಂದು ನಕ್ಕು ಸುಮ್ಮನಾಗಬಹುದಿತ್ತು. ತೊಟ್ಟಿಯನ್ನು ಹೊತ್ತ ಉಕ್ಕಿನ ಚೌಕಟ್ಟಿಗೂ ಹಲಗೆ ಹೊದಿಸಿ, ಒಳಗೆ ಮೆಟ್ಟಿಲು, ಕೋಣೆಗಳನ್ನು ಮಾಡಿ, ಅಲ್ಲಿ ನಿಜವಾಗಿಯೂ ಜನರನ್ನು ಇರಿಸಿದ್ದೇ ಸೋಜಿಗ. ಸುಳ್ಳು ಮನೆ ಮೇಲೆ, ನಿಜವಾದ ಮನೆ ಕೆಳಗೆ. ಎರಡು ಸಾವಿರ ಕ್ವಿಂಟಲಿಗೂ ಮಿಕ್ಕ ನೀರನ್ನು ನೆತ್ತಿಯ ಮೇಲಿಟ್ಟುಕೊಂಡು ನಿದ್ದೆ ಮಾಡುವುದೆಂದರೆ ಗಟ್ಟಿ ಎದೆಯೇ ಬೇಕು. ಮೊದಲು ಬಾಡಿಗೆಗೆ ಬಂದವರು ಮಕ್ಕಳಿಗಾಗಿ ಬರೆಯುತ್ತಿದ್ದ ಮಿಸೆಸ್ ಮಾಲ್ಕಮ್ ಮೇಸನ್. ಓಗಿಲ್ವಿ ಅದನ್ನು ‘ಗೆಜಿಬೊ’ ಎಂದು ಕರೆದಿದ್ದ. ‘ಮೋಡಗಳಲ್ಲಿನ ಮನೆ’ ಎಂಬುದು ಈಕೆ ಇಟ್ಟ ಹೆಸರು. ಒಡೆಯನ ಹೆಸರು ಬಿದ್ದುಹೋಗಿ ಬಾಡಿಗೆದಾರಳ ಹೆಸರು ನಿಂತಿತು.

ನೀರೆತ್ತುವ ಕೆಲಸ ಎದುರಿನ ಗಾಳಿಗಿರಣಿಯದು. 1803ರಲ್ಲಿ ಪಕ್ಕದ ಆಲ್ಡ್ರಿಂಗಮ್ಮಿನಲ್ಲಿ ಧಾನ್ಯ ಬೀಸಲು ಕಟ್ಟಿದ್ದ ಮುದಿ ಗಿರಣಿ ಅದು. ಅದನ್ನು ಬಿಚ್ಚಿ ತಂದು ಇಲ್ಲಿ ಜೋಡಿಸಿ, ಬೀಸುವ ಬದಲು ಸೇದಲು ಕಲಿಸಿದರು. ಗಾಳಿ ಬೀಸಿದರೆ ರೆಕ್ಕೆ ತಿರುಗಿ ನೀರು ಮೇಲಕ್ಕೇರುತ್ತಿತ್ತು. ಮುಂದೆ ಎಂಜಿನ್ ಬಂದು ಗಿರಣಿಗೆ ಬಿಡುವು ಕೊಟ್ಟಿತು. ಊರು ಬೆಳೆದಂತೆ ಒಂದು ತೊಟ್ಟಿ ಸಾಲದೆ 1929ರಲ್ಲಿ ಇನ್ನೊಂದನ್ನು ಕಟ್ಟಿದಾಗಲೂ ವೇಷದ ಚಾಳಿ ಬಿಡಲಿಲ್ಲ. ಈ ಸಲ ಹಳೆಯ ನಾರ್ಮನ್ ಕೋಟೆಬಾಗಿಲಿನ ವೇಷ.

1932ರಲ್ಲಿ ಓಗಿಲ್ವಿ ತೀರಿಕೊಂಡ. ಎರಡನೆಯ ಮಹಾಯುದ್ಧದಲ್ಲಿ ಗೋಪುರಕ್ಕೆ ಗುಂಡು ಬಿತ್ತು. ಶತ್ರುವಿನದಲ್ಲ, ತೀರದಲ್ಲಿದ್ದ ಇಂಗ್ಲಿಷರ ವಿಮಾನನಾಶಕ ತೋಪುಗಳದೇ. ತೂತಾದ ತೊಟ್ಟಿಯನ್ನು ಅದರದೇ ಉಕ್ಕಿನಿಂದ ತೇಪೆ ಹಾಕಿ ಸರಿಪಡಿಸಿದರು. ಹಿಡಿಯುವ ನೀರು 30,000 ಗ್ಯಾಲನ್ನಿಗೆ ಇಳಿಯಿತು. ಬಡವರ ಮನೆಯ ಹಳೆಯ ಸೀರೆ ಲಂಗವಾಗುವಂತೆ, ಅಳತೆ ತಗ್ಗಿದರೂ ಕೆಲಸ ನಡೆಯಿತು. 1963ರಲ್ಲಿ ಕೊಳಾಯಿ ನೀರಿನ ಸರಬರಾಜು ಹಳ್ಳಿಗೆ ಬಂದಮೇಲೆ ತೊಟ್ಟಿ ನೀರು ಕೂಡಿಡುವ ಪಾತ್ರೆ ಮಾತ್ರವಾಯಿತು. 1977ರ ಹೊತ್ತಿಗೆ ಅದೂ ಬೇಡವಾಯಿತು. ಅಷ್ಟರಲ್ಲಿ, 1972ರಲ್ಲಿ ಓಗಿಲ್ವಿಯ ಮೊಮ್ಮಗ ತೀರಿಕೊಂಡು, ಮರಣತೆರಿಗೆ ಕಟ್ಟಲು ಮನೆತನದವರು ಊರಿನ ಅನೇಕ ಮನೆಗಳನ್ನು ಮಾರಬೇಕಾಗಿ ಬಂದಿತ್ತು.

ಕಟ್ಟಡ ತನ್ನ ಉಪಯೋಗವನ್ನು ಮುಚ್ಚಿಡಬಾರದು, ಇದು ಕಪಟ ಎಂದು ಹೇಳುವ ಶಿಲ್ಪಶಾಸ್ತ್ರಜ್ಞರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ನೀರನ್ನು ಹೊತ್ತು ನಿಲ್ಲುವುದು ನಾಚಿಕೆಪಡುವ ಕೆಲಸವೇನಲ್ಲ. ಆದರೂ ಈ ಗೋಪುರವನ್ನು ಕಪಟಿ ಎನ್ನಲು ನನಗೆ ಮನಸ್ಸು ಬಾರದು. ಹೊರಗೆ ಏನೇ ವೇಷವಿರಲಿ, ಒಳಗೆ ಐವತ್ತು ವರ್ಷಕ್ಕೂ ಮೀರಿ ಅದು ಪ್ರಾಮಾಣಿಕವಾಗಿ ದುಡಿದಿದೆ. ಬರಿಯ ತೊಟ್ಟಿಯಾಗಿದ್ದರೆ ಕೆಲಸ ಮುಗಿದ ದಿನ ಅದನ್ನು ಉಳಿಸಿಕೊಳ್ಳಲು ಯಾರಿಗೂ ಕಾರಣವಿರುತ್ತಿರಲಿಲ್ಲ. ಇದನ್ನು ಕಾಯ್ದದ್ದು ವೇಷವೇ. ಆದರೆ ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. 1979ರಲ್ಲಿ, ಯಾವ ತೊಟ್ಟಿಗಾಗಿ ಇಷ್ಟೆಲ್ಲ ಹುಟ್ಟಿತೋ ಆ ತೊಟ್ಟಿಯನ್ನೇ ಕಳಚಿ ತೆಗೆದುಬಿಟ್ಟರು. ನೀರು ನಿಂತಿದ್ದ ಜಾಗ ಕೋಣೆಯಾಯಿತು. ತೋರಿಕೆಗೆಂದು ಕಟ್ಟಿದ ಮನೆ ಕಡೆಗೆ ನಿಜವಾದ ಮನೆಯೇ ಆಯಿತು.

ಈಗ ರಜೆಯ ಅತಿಥಿಗಳು ಬಾಡಿಗೆ ಕೊಟ್ಟು ಅಲ್ಲಿ ತಂಗುತ್ತಾರೆ; ಮೇಲಿನ ಕೋಣೆಗೆ ಹತ್ತಿ ಸಮುದ್ರ ನೋಡುತ್ತಾರೆ. ಗಾಳಿಗಿರಣಿ ಎದುರಿಗೇ ನಿಂತಿದೆ. ಅದು ಎತ್ತಬೇಕಾದ ನೀರಿಲ್ಲ.