ಶೀತದ ದಿನ ಮೆಣಸೇ ಏಕೆ?

ಮನೆಯಲ್ಲಿ ಯಾರಾದರೂ ನಾಲ್ಕು ಬಾರಿ ಸೀನಿದರೆ ಸಾಕು, ನಮ್ಮ ಕೈ ತಾನಾಗಿ ಕಾಳುಮೆಣಸಿನ ಡಬ್ಬಿಗೆ ಹೋಗುತ್ತದೆ. ಒಣಮೆಣಸಿನಕಾಯಿ ಅದರ ಪಕ್ಕದಲ್ಲೇ ಇರುತ್ತದೆ. ಮೂಗಿನಲ್ಲಿ ನೀರಿಳಿಸುವುದರಲ್ಲಿ ಅದೂ ಕಡಿಮೆಯದಲ್ಲ. ಆದರೂ ಅದನ್ನು ಯಾರೂ ಕಷಾಯಕ್ಕೆ ಹಾಕುವುದಿಲ್ಲ. ಏಕೆಂದು ಎಂದಾದರೂ ಯೋಚಿಸಿದ್ದೀರಾ?

1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದನೆಂದು ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. ಅವನವರು ಹುಡುಕಿಕೊಂಡು ಬಂದದ್ದು ನಮ್ಮ ಮೆಣಸನ್ನು. ಮುಂದೆ ಪೋರ್ಚುಗೀಸರು ಅಮೆರಿಕದ ಗಿಡವೊಂದನ್ನು ಇಲ್ಲಿಗೆ ತಂದರು. ನಮ್ಮವರು ಅದಕ್ಕೆ ಹಳೆಯ ಹೆಸರನ್ನೇ ಅಂಟಿಸಿ ಮೆಣಸಿನಕಾಯಿ ಎಂದರು. ಅದಕ್ಕೂ ಮೊದಲು ಅಡಿಗೆಯ ಖಾರವೆಂದರೆ ಮೆಣಸು, ಹಿಪ್ಪಲಿ, ಶುಂಠಿ. ಆಯುರ್ವೇದ ಈ ಮೂರನ್ನೂ ಸೇರಿಸಿ ತ್ರಿಕಟು ಎನ್ನುತ್ತದೆ. ನೆಗಡಿಗೆ ಅದು ಕೊಟ್ಟ ಹೆಸರು ಪ್ರತಿಶ್ಯಾಯ.

ಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆ ಬೇಕು, ಹಬ್ಬಲು ಮರ ಬೇಕು. ಮೆಣಸಿನಕಾಯಿಗೆ ಬಯಲುಸೀಮೆಯ ಹಿತ್ತಲೂ ಸಾಕು. ಹೀಗಾಗಿ ದಿನದ ಸಾರು, ಹುಳಿಗಳಿಂದ ಮೆಣಸು ಮೆಲ್ಲಗೆ ಹಿಂದೆ ಸರಿಯಿತು. ಆದರೆ ಪೂರ್ತಿ ಹೊರಟುಹೋಗಲಿಲ್ಲ. ಬಾಣಂತಿಗೆ ಇಂದಿಗೂ ಮೆಣಸಿನ ಸಾರು. ಅನೇಕ ಮನೆಗಳಲ್ಲಿ ಶ್ರಾದ್ಧದ ಅಡಿಗೆಗೆ ಮೆಣಸಿನಕಾಯಿ ನಿಷಿದ್ಧ. ಶೀತ, ಜ್ವರಕ್ಕೆ ಮೆಣಸಿನ ಕಷಾಯ. ಹುಟ್ಟು, ಸಾವು, ಕಾಯಿಲೆ ಬಂದಾಗ ನಮ್ಮ ಅಡಿಗೆಮನೆ ಐನೂರು ವರ್ಷ ಹಿಂದಕ್ಕೆ ಹೋಗುತ್ತದೆ.

ಈ ಮೆಣಸಿನ ಚರಿತ್ರೆಯಲ್ಲಿ ಒಬ್ಬ ಹೆಂಗಸಿನ ಹೆಸರು ಉಳಿದಿದೆ. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಆದರೆ ಬಾಣಂತಿಯ ಬಟ್ಟಲಿಗೆ ಹೊಸ ಖಾರ ಬೇಡವೆಂದು ತಡೆದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವರು ನಮ್ಮಂಥ ಅಡಿಗೆಮನೆಯ ಹೆಂಗಸರೇ ಇರಬೇಕು.

ಶಿರಸಿ ಸೀಮೆಯ ನಮ್ಮ ಅಜ್ಜಿಯ ಮನೆಯಲ್ಲಿ ಅಡಿಕೆ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿತ್ತು. ಗಟ್ಟಿ ಕಾಳೆಲ್ಲ ಮಂಡಿಗೆ ಹೋಗುತ್ತಿತ್ತು, ಆ ದುಡ್ಡು ಅಜ್ಜನ ಪೆಟ್ಟಿಗೆಗೆ. ಅಜ್ಜಿಗೆ ಉಳಿಯುತ್ತಿದ್ದುದು ಮೊರದಲ್ಲಿ ಕೇರಿ ತೆಗೆದ ಜಳ್ಳುಕಾಳು. ಅದರಲ್ಲೇ ಅವಳು ಊರ ಅರ್ಧ ಮಕ್ಕಳ ನೆಗಡಿಗೆ ಕಷಾಯ ಮಾಡಿದಳು. ಅವಳ ಲೆಕ್ಕ ಹೀಗೆ: ಕೊತ್ತಂಬರಿ ನಾಲ್ಕು ಪಾಲು, ಜೀರಿಗೆ ಎರಡು, ಮೆಣಸು ಒಂದು, ಶುಂಠಿ ಅರ್ಧ. ಹುರಿದು ಪುಡಿ ಮಾಡಿ, ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ, ಬೆಲ್ಲದೊಡನೆ ಕುದಿಸಿ, ಹಾಲು ಬೆರೆಸುವುದು.

ಕಷಾಯ ನೆಗಡಿಯ ವೈರಸ್ಸನ್ನು ಕೊಲ್ಲುವುದಿಲ್ಲ. ನೆಗಡಿ ಸಾಮಾನ್ಯವಾಗಿ ವಾರ, ಹತ್ತು ದಿನದಲ್ಲಿ ತಾನೇ ಇಳಿಯುತ್ತದೆ. ಬಿಸಿ ಪಾನೀಯದಿಂದ ಗಂಟಲಿಗೆ ಹಿತ, ಕಟ್ಟಿದ ಮೂಗಿಗೆ ಸ್ವಲ್ಪ ಸಮಾಧಾನ, ಅಷ್ಟೆ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು. ಮಗುವಿನ ಪಕ್ಕೆ ಒಳಸೆಳೆದು ಉಸಿರಾಟ ಜೋರಾದರೆ ಒಲೆಯ ಮುಂದೆ ನಿಲ್ಲದೆ ಡಾಕ್ಟರ ಬಳಿಗೆ ಓಡಬೇಕು.

ಈಗ ಕಷಾಯದ ಪುಡಿ ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುತ್ತದೆ. ಕೊಳ್ಳಿರಿ, ತಪ್ಪಿಲ್ಲ. ಆದರೆ ನಿಮ್ಮ ಮನೆಯ ಹಿರಿಯಳು ಇನ್ನೂ ಇದ್ದರೆ ಅವಳ ಅಳತೆಯನ್ನು ಕೇಳಿ ಬರೆದಿಟ್ಟುಕೊಳ್ಳಿ, ಕೆಳಗೆ ಅವಳ ಹೆಸರನ್ನೂ ಬರೆಯಿರಿ.