ಟರ್ಮಿನಲ್ ತಂತ್ರಾಂಶಗಳ ವೆಬ್ ರೂಪಾಂತರ

ದೂರದ ಕೇಂದ್ರ ಗಣಕಕ್ಕೆ ಜೋಡಿಸಿದ ಪರದೆ ಮತ್ತು ಕೀಲಿಮಣೆಯಿಂದ ನಡೆಯುತ್ತಿದ್ದ ವ್ಯವಹಾರ ತಂತ್ರಾಂಶಗಳನ್ನು ಬ್ರೌಸರಿನಲ್ಲಿ ಬಳಸಲು ಬರುವಂತೆ ಮಾರ್ಪಡಿಸುವ ಕೆಲಸ. ಈ ಪರದೆಗೆ ಟರ್ಮಿನಲ್ ಎಂದು ಹೆಸರು. 1971ರ ಐಬಿಎಂ 3270 ಮತ್ತು 1978ರ ಡಿಇಸಿ ವಿಟಿ100 ಇದರ ಪ್ರಸಿದ್ಧ ಮಾದರಿಗಳು. ಸಾಲಿಗೆ 80 ಅಕ್ಷರದಂತೆ 24 ಸಾಲು, ಚಿತ್ರವಿಲ್ಲ, ಮೌಸ್ ಇಲ್ಲ. ಬ್ಯಾಂಕು, ವಿಮೆ, ರೈಲ್ವೆಗಳು ಹಲವು ದಶಕ ಇದರ ಮೇಲೆಯೇ ನಡೆದವು.

ಭಾರತದಲ್ಲಿ ಈ ಬದಲಾವಣೆಯನ್ನು ಅತಿ ಹೆಚ್ಚು ಜನ ಕಂಡಿರುವುದು ರೈಲ್ವೆ ಮುಂಗಡ ಕಾಯ್ದಿರಿಸುವಿಕೆಯಲ್ಲಿ. ಗಣಕೀಕೃತ ಟಿಕೆಟ್ ದೆಹಲಿಯಲ್ಲಿ 1980ರ ದಶಕದ ನಡುವಿನಲ್ಲಿ ಶುರುವಾಯಿತು. 1986ರಲ್ಲಿ ಸ್ಥಾಪನೆಯಾದ ರೈಲ್ವೆ ಮಾಹಿತಿ ವ್ಯವಸ್ಥೆಗಳ ಕೇಂದ್ರ, ಅಂದರೆ ಕ್ರಿಸ್, ಫೋರ್ಟ್ರಾನ್ ಮತ್ತು ಸಿ ಭಾಷೆಗಳಲ್ಲಿ ಬರೆದ ‘ಕಾನ್ಸರ್ಟ್’ ತಂತ್ರಾಂಶ ಓಪನ್‌ವಿಎಂಎಸ್ ಯಂತ್ರಗಳಲ್ಲಿ ಓಡುತ್ತಿತ್ತು. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್‌ಗಳ ಐದು ಕೇಂದ್ರಗಳು 1999ರಲ್ಲಿ ಒಂದೇ ಜಾಲವಾದವು. ಐಆರ್‌ಸಿಟಿಸಿ ಸಂಸ್ಥೆ 2002ರ ಆಗಸ್ಟ್‌ನಲ್ಲಿ ತೆರೆದ ವೆಬ್ ತಾಣ ಈ ಹಳೆಯ ವ್ಯವಸ್ಥೆಯನ್ನು ಕಿತ್ತುಹಾಕಲಿಲ್ಲ, ಅದಕ್ಕೆ ಮುಂಬಾಗಿಲಾಯಿತು. ಮೊದಮೊದಲು ವೆಬ್‌ನಲ್ಲಿ ಕೊಂಡ ಟಿಕೆಟ್ಟೂ ಮುದ್ರಿತವಾಗಿ ಕೊರಿಯರ್‌ನಲ್ಲಿ ಮನೆಗೆ ಬರುತ್ತಿತ್ತು. ಇ-ಟಿಕೆಟ್ ಬಂದದ್ದು 2005ರಲ್ಲಿ.

ಈ ಮುಂಬಾಗಿಲಿನ ಬೆಲೆ ಗುಂಡ್ಲುಪೇಟೆಯಂಥ ಊರಿನಲ್ಲಿ ಚೆನ್ನಾಗಿ ತಿಳಿಯುತ್ತದೆ. ಮೈಸೂರು–ನಂಜನಗೂಡು ರೈಲುಮಾರ್ಗ ಜಿಲ್ಲಾ ಕೇಂದ್ರ ಚಾಮರಾಜನಗರಕ್ಕೆ ಬಂದು ನಿಲ್ಲುತ್ತದೆ. ಗುಂಡ್ಲುಪೇಟೆಗೆ ಹಳಿಯೇ ಇಲ್ಲ. ರೈಲ್ವೆ ನಿಲ್ದಾಣದ ಕೌಂಟರು ಮುಟ್ಟಬೇಕಾದರೆ ಅಲ್ಲಿನವರು ಮೊದಲು ಬಸ್ಸು ಹತ್ತಬೇಕು, ಮೈಸೂರಿಗಾದರೆ ಸುಮಾರು 60 ಕಿ.ಮೀ.

ಆದರೆ ಮುಂಬಾಗಿಲು ಹೊಸದಾದ ಮಾತ್ರಕ್ಕೆ ಒಳಮನೆ ಬದಲಾಗುವುದಿಲ್ಲ. ಪ್ರಯಾಣಿಕರ ಹೆಸರಿಗೆ ಬಹುಕಾಲ 16 ಅಕ್ಷರಗಳ ಮಿತಿಯಿತ್ತು. ಊರು, ತಂದೆ, ದೇವರು ಎಲ್ಲವನ್ನೂ ಹೆಸರಿನಲ್ಲಿ ಹೊತ್ತ ನಮ್ಮ ಕಡೆಯವರಿಗೆ ಅದು ಸಾಲುವ ಜಾಗವಲ್ಲ. ಮೈಸೂರು 2014ರಲ್ಲಿ ಇಂಗ್ಲಿಷಿನಲ್ಲೂ ‘ಮೈಸೂರು’ ಆದರೂ ನಿಲ್ದಾಣದ ಸಂಕೇತ ಎಂವೈಎಸ್ ಆಗಿಯೇ ಉಳಿಯಿತು. ರಾತ್ರಿ 11.45ರಿಂದ 12.20ರವರೆಗೆ ತಾಣದಲ್ಲಿ ಟಿಕೆಟ್ ಸಿಗದಿರುವುದೂ ಹಿಂಬದಿಯ ದೈನಂದಿನ ನಿರ್ವಹಣೆಯ ಗುರುತು. ವೆಬ್ ಭಾಗವನ್ನು ಮಾತ್ರ 2014ರಲ್ಲಿ ಹೊಸದಾಗಿ ಕಟ್ಟಿ, ನಿಮಿಷಕ್ಕೆ 2,000 ಇದ್ದ ಟಿಕೆಟ್ ಸಾಮರ್ಥ್ಯವನ್ನು 7,200ಕ್ಕೆ ಏರಿಸಿದ್ದಾಗಿ ರೈಲ್ವೆ ಪ್ರಕಟಿಸಿತು.

ರೂಪಾಂತರಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ಹಳೆಯ ಪರದೆಯ ಅಕ್ಷರಗಳನ್ನೇ ಇನ್ನೊಂದು ತಂತ್ರಾಂಶ ಓದಿ ವೆಬ್ ಪುಟವಾಗಿ ತೋರಿಸುವುದು ಅಗ್ಗ, ಬೇಗ. ಆದರೆ ಹಳೆಯ ಪರದೆಯಲ್ಲಿ ಒಂದು ಕಾಲಂ ಸರಿದರೂ ಕೆಡುತ್ತದೆ. ಹಳೆಯ ತಂತ್ರಾಂಶದ ನಿಯಮಗಳನ್ನು ಹಾಗೇ ಇಟ್ಟುಕೊಂಡು ಹೊರಗಿನಿಂದ ಕರೆಯಬಹುದಾದ ಸೇವೆಗಳಾಗಿ ಒದಗಿಸುವುದು ಎರಡನೆಯದು. ಪೂರ್ತಿ ಹೊಸದಾಗಿ ಬರೆಯುವುದು ಮೂರನೆಯದು. ಕೇಳಲು ಚೆಂದವಾದ ಈ ದಾರಿಯೇ ಹೆಚ್ಚು ಅಪಾಯದ್ದು, ಏಕೆಂದರೆ ಇಪ್ಪತ್ತು ವರ್ಷಗಳ ಸುತ್ತೋಲೆ, ತಿದ್ದುಪಡಿ, ವಿನಾಯಿತಿಗಳು ಹಲವೆಡೆ ಕೋಡಿನಲ್ಲಿ ಮಾತ್ರ ದಾಖಲಾಗಿರುತ್ತವೆ. ಇದರ ಜೊತೆಗೆ ಇನ್ನೊಂದು ತೊಡಕು: ಟರ್ಮಿನಲ್ಲಿನ ಸಂಪರ್ಕ ಕೆಲಸ ಮುಗಿಯುವವರೆಗೂ ಜೀವಂತ. ವೆಬ್‌ನ ಎಚ್‌ಟಿಟಿಪಿ ಹಾಗಲ್ಲ, ಒಂದು ಪುಟ ಕೊಟ್ಟ ಮೇಲೆ ಕೇಳಿದವರು ಯಾರೆಂಬುದನ್ನು ಅದು ತಾನಾಗಿ ನೆನಪಿಡುವುದಿಲ್ಲ. ಬರ್ತ್ ಹಿಡಿದ ಗ್ರಾಹಕ ಹಣ ಕಟ್ಟದೆ ಬ್ರೌಸರ್ ಮುಚ್ಚಿಬಿಟ್ಟರೆ ಆ ಬರ್ತನ್ನು ಎಷ್ಟು ಹೊತ್ತು ತಡೆದಿಡಬೇಕೆಂಬುದನ್ನು ಪ್ರತ್ಯೇಕವಾಗಿ ನಿರ್ಧರಿಸಬೇಕು.

ಕನ್ನಡದ ಮಟ್ಟಿಗೆ ದೊಡ್ಡ ಪ್ರಶ್ನೆ ಪರದೆಯದಲ್ಲ, ದತ್ತಾಂಶದ್ದು. ಸಾಮಾನ್ಯ ಟರ್ಮಿನಲ್ಲಿನಲ್ಲಿ ಕನ್ನಡ ಮೂಡುತ್ತಿರಲಿಲ್ಲ. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ತಂತ್ರಜ್ಞಾನ ಆ ಕೊರತೆಯನ್ನು ತುಂಬಿತು. ಅದು ಬಳಸಿದ ಇಸ್ಕಿ ಸಂಕೇತಕ್ಕೆ 1991ರಲ್ಲಿ ಭಾರತೀಯ ಮಾನಕದ ಮನ್ನಣೆ ಸಿಕ್ಕಿತು. ಇಸ್ಕಿ ಉಚ್ಚಾರಣೆಯ ಕ್ರಮದಲ್ಲಿ ಅಕ್ಷರಗಳನ್ನಿಡುತ್ತದೆ, ಯೂನಿಕೋಡಿನ ಕನ್ನಡ ವಿಭಾಗವೂ ಅದನ್ನೇ ಅನುಸರಿಸಿತು. ಹೀಗಾಗಿ ಒಂದರಿಂದ ಇನ್ನೊಂದಕ್ಕೆ ಸಾಗಿಸುವುದು ಅಷ್ಟು ಕಷ್ಟವಲ್ಲ. ಕಷ್ಟವಿರುವುದು ‘ನುಡಿ’ ಕನ್ನಡ ತಂತ್ರಾಂಶದ ಹಳೆಯ ಆವೃತ್ತಿಗಳಂತೆ ಅಕ್ಷರದ ಆಕಾರಗಳನ್ನೇ ಸಂಗ್ರಹಿಸಿದ ಕಡತಗಳಲ್ಲಿ. ‘ಗುಂಡ್ಲುಪೇಟೆ’ಯನ್ನೇ ನೋಡಿ: ಅಲ್ಲಿ ಡಕಾರ, ಕೊಂಬು, ಆಮೇಲೆ ಲಕಾರದ ಒತ್ತು, ಯೂನಿಕೋಡಿನಲ್ಲಿ ಡಕಾರ, ಹಲಂತ ಚಿಹ್ನೆ, ಲಕಾರ, ಕೊನೆಗೆ ಕೊಂಬು. ಈ ಹಿಂದುಮುಂದನ್ನು ಸರಿಪಡಿಸದಿದ್ದರೆ ಹೆಸರು ಕಣ್ಣಿಗೆ ಹೇಗೆ ಕಂಡರೂ ಹುಡುಕಿದಾಗ ಸಿಗದು. ಅರ್ಕಾವತ್ತಿನ ಪಾಡೂ ಇದೇ.

ಜಮೀನಿನ ದಾಖಲೆಗಳನ್ನು ಗಣಕೀಕರಿಸಿದ ಕರ್ನಾಟಕದ ‘ಭೂಮಿ’ ಯೋಜನೆ ಕಟ್ಟುನಿಟ್ಟಾಗಿ ನೋಡಿದರೆ ಟರ್ಮಿನಲ್ ತಂತ್ರಾಂಶವಲ್ಲ. ತಾಲ್ಲೂಕಿಗೊಂದು ಸರ್ವರ್ ಇಟ್ಟುಕೊಂಡ ಕಚೇರಿ ವ್ಯವಸ್ಥೆ. ಆದರೂ ಅದು ಸಾಗಿದ ಹಾದಿ ಇದೇ. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೇರಿ, ಇಪ್ಪತ್ತೊಂದನೆಯ ಶತಮಾನದ ಆರಂಭದ ವರ್ಷಗಳಲ್ಲಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ದೊರೆಯತೊಡಗಿದವು. ಚಾಮರಾಜನಗರ, ಗುಂಡ್ಲುಪೇಟೆಗಳೂ ಇದರಲ್ಲಿ ಸೇರಿದ್ದವು. ಬಳಿಕ ಹೋಬಳಿ ಮಟ್ಟದ ನೆಮ್ಮದಿ ಕೇಂದ್ರ, ಆಮೇಲೆ ಅಟಲ್‌ಜಿ ಜನಸ್ನೇಹಿ ಕೇಂದ್ರ, ಕೊನೆಗೆ ಮನೆಯ ಬ್ರೌಸರು. ಈ ಯೋಜನೆಯ ಗಟ್ಟಿತನ ಇದ್ದದ್ದು ಪರದೆಯ ಅಂದದಲ್ಲಲ್ಲ: ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು, ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು ಎಂಬ ಎರಡು ನಿಯಮಗಳಲ್ಲಿ. ಇಂಥ ವ್ಯವಸ್ಥೆಯನ್ನು ವೆಬ್‌ಗೆ ಒಯ್ಯುವಾಗ ಮೊದಲನೆಯದು ಸರ್ವರ್‌ನಲ್ಲೇ ಉಳಿಯಬೇಕು. ಎರಡನೆಯದಕ್ಕೆ, ಬ್ರೌಸರ್ ಬೆರಳಚ್ಚು ಯಂತ್ರವನ್ನು ಸಾಮಾನ್ಯವಾಗಿ ನೇರವಾಗಿ ಮುಟ್ಟಲಾರದ್ದರಿಂದ, ಕಚೇರಿಯ ಗಣಕದಲ್ಲೇ ಒಂದು ಸಹಾಯಕ ತಂತ್ರಾಂಶ ಬೇಕಾಗುತ್ತದೆ.

ನುರಿತ ಗುಮಾಸ್ತರಿಗೆ ವೆಬ್ ಪುಟ ಅಷ್ಟಾಗಿ ಹಿಡಿಸುವುದಿಲ್ಲ. ಅದನ್ನು ಹಳೆಯ ಅಭ್ಯಾಸದ ಹಟವೆಂದು ತಳ್ಳಿಹಾಕುವುದು ತಪ್ಪು. ಟರ್ಮಿನಲ್ಲಿನಲ್ಲಿ ಬೆರಳುಗಳು ಪರದೆ ಬರುವ ಮುನ್ನವೇ ಮುಂದಿನ ಕೀಲಿಗಳನ್ನು ಒತ್ತಿರುತ್ತಿದ್ದವು. ಮೌಸ್‌ಗೆ ಕೈ ಚಾಚುವ ಪ್ರತಿ ಸಲವೂ ಸರದಿ ನಿಧಾನವಾಗುತ್ತದೆ. ಆದ್ದರಿಂದ ಕೌಂಟರಿಗಾಗಿ ಮಾಡುವ ವೆಬ್ ಪುಟದಲ್ಲಿ ಟ್ಯಾಬ್ ಕೀಲಿಯ ಕ್ರಮ, ಹಳೆಯ ಎಫ್ ಕೀಲಿಗಳ ಅರ್ಥ, ಒಂದೇ ಪರದೆಯಲ್ಲಿ ಹಿಡಿಯುವ ಕ್ಷೇತ್ರಗಳು ಇವನ್ನು ಉಳಿಸಿಕೊಳ್ಳುವುದು ವಾಡಿಕೆ. ಸಾರ್ವಜನಿಕರಿಗೆ ಬೇರೆಯೇ ಪುಟ ಕೊಡುತ್ತಾರೆ. ಎರಡೂ ಕಡೆಯಿಂದ ಬರುವ ಬೇಡಿಕೆ ಹಿಂದಿರುವ ಅದೇ ದಾಖಲೆಯ ಮೇಲೆ ಬೀಳುವುದರಿಂದ, ದಾಖಲೆಗೆ ಬೀಗ ಹಾಕಿ ತೆಗೆಯುವ ಕೆಲಸ ಪರದೆಗೆ ಸೇರಿದ್ದಲ್ಲ, ದತ್ತಸಂಚಯಕ್ಕೆ ಸೇರಿದ್ದು.