ಥೈಮಸ್ ಗ್ರಂಥಿಯೂ ಜಾಕ್ ಮಿಲ್ಲರರೂ: ಜೀವಕೋಶಾಶ್ರಿತ ರೋಗರಕ್ಷೆಯ ಅಧ್ಯಯನ ನಡೆದುಬಂದ ದಾರಿ

ರೋಗರಕ್ಷೆಯೆಂದರೆ ರಕ್ತದಲ್ಲಿ ಸಂಚರಿಸುವ ಪ್ರತಿಕಾಯಗಳೇ ಹೊರತು ಬೇರೇನೂ ಅಲ್ಲವೆಂಬ ಭಾವನೆಯು ನಮ್ಮ ವಿದ್ಯಾವಂತರಲ್ಲಿ, ಎಷ್ಟೋ ಮಂದಿ ವೈದ್ಯರಲ್ಲಿಯೂ ಸಹ, ಎಷ್ಟು ಆಳವಾಗಿ ಬೇರುಬಿಟ್ಟಿದೆಯೆಂಬುದು ಕೋವಿಡ್ ಮಹಾಮಾರಿಯ ದಿನಗಳಲ್ಲಿ ಎಲ್ಲರಿಗೂ ಗೋಚರವಾಯಿತು. ಲಸಿಕೆ ಹಾಕಿಸಿಕೊಂಡವರು ರಕ್ತಪರೀಕ್ಷೆ ಮಾಡಿಸಿ, ಪ್ರತಿಕಾಯಗಳ ಅಂಕಿ ಹೆಚ್ಚಾಗಿದ್ದರೆ ಹಿಗ್ಗಿ, ಕಡಿಮೆಯಾಗಿದ್ದರೆ ಕುಗ್ಗಿ, ಕೆಲವು ತಿಂಗಳುಗಳ ತರುವಾಯ ಅದೇ ಅಂಕಿ ಇಳಿದುದನ್ನು ಕಂಡು ಲಸಿಕೆಯೇ ವ್ಯರ್ಥವಾಯಿತೆಂದು ಹಲುಬಿದುದನ್ನು ನಾವು ಕಂಡಿದ್ದೇವೆ. ಆ ಅಂಕಿ ಸುಳ್ಳಲ್ಲ. ಆದರೆ ಅದು ಅರ್ಧ ಸತ್ಯ ಮಾತ್ರ. ಉಳಿದ ಅರ್ಧವನ್ನು ಬೆಳಕಿಗೆ ತಂದವರ ಹೆಸರನ್ನು ನಮ್ಮ ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗುತ್ತವೆ, ಇಲ್ಲವೇ ಹೇಳುವುದೇ ಇಲ್ಲ. ಆಯುಷ್ಯದ ಬಹುಭಾಗವನ್ನು ಈ ಶಾಸ್ತ್ರದ ಬೋಧನೆಯಲ್ಲಿಯೇ ಕಳೆದ ನನಗೆ ಈ ಉಪೇಕ್ಷೆಯು ಸಹ್ಯವಾಗದಿರುವುದರಿಂದ, ಆ ಅಧ್ಯಯನವು ಬೆಳೆದುಬಂದ ಬಗೆಯನ್ನು, ಅದರ ಕೇಂದ್ರದಲ್ಲಿ ನಿಂತ ಜಾಕ್ ಮಿಲ್ಲರರ ಜೀವನದ ಮೂಲಕ, ಇಲ್ಲಿ ವಿವರಿಸಲು ಉದ್ದೇಶಿಸಿದ್ದೇನೆ.

ಆರಂಭದ ಘಟ್ಟಗಳನ್ನು ವಿಸ್ತರಿಸಬೇಕಾಗಿಲ್ಲ. 1796ರಲ್ಲಿ ಜೆನ್ನರ್ ಹಸುವಿನ ಸಿಡುಬಿನ ಕೀವಿನಿಂದ ದೇವಿ ಹಾಕಿದುದು, 1885ರಲ್ಲಿ ಪಾಶ್ಚರ್ ಹುಚ್ಚುನಾಯಿ ಕಚ್ಚಿದ ಬಾಲಕನಿಗೆ ಲಸಿಕೆ ಕೊಟ್ಟುದು ಇವು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿಗಳು. 1882ರ ಸುಮಾರಿಗೆ ಮೆಸ್ಸಿನಾದ ಕಡಲತೀರದಲ್ಲಿ ಮೆಚ್ನಿಕಾಫ್ ಎಂಬ ರಷ್ಯದ ಪ್ರಾಣಿಶಾಸ್ತ್ರಜ್ಞರು ನಕ್ಷತ್ರಮೀನಿನ ಪಾರದರ್ಶಕ ಮರಿಯ ದೇಹಕ್ಕೆ ಗುಲಾಬಿಯ ಮುಳ್ಳನ್ನು ಚುಚ್ಚಿ, ಅದರ ಸುತ್ತ ಸಂಚಾರಿ ಕಣಗಳು ಮುತ್ತಿಕೊಂಡುದನ್ನು ಕಂಡು, ದೇಹರಕ್ಷಣೆಯು ಜೀವಕೋಶಗಳ ಕಾರ್ಯವೆಂದು ಸಾರಿದರು. ಆದರೆ 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಇಬ್ಬರೂ ಧನುರ್ವಾಯು, ಗಂಟಲಮಾರಿಗಳ ವಿಷವನ್ನು ರಕ್ತರಸವೇ ಶಮನಗೊಳಿಸಬಲ್ಲುದೆಂದು ತೋರಿಸಿದ ಮೇಲೆ ವಿದ್ವಲ್ಲೋಕದ ಒಲವೆಲ್ಲ ರಕ್ತರಸದ ಕಡೆಗೆ ಹರಿಯಿತು. 1908ರ ನೊಬೆಲ್ ಪ್ರಶಸ್ತಿಯನ್ನು ಮೆಚ್ನಿಕಾಫರಿಗೂ ಎದುರು ಪಕ್ಷದ ಎರ್ಲಿಕ್ಕರಿಗೂ ಹಂಚಿಕೊಟ್ಟುದು ಗೌರವದ ವಿಷಯದಲ್ಲಿ ಸಮನ್ವಯವಾಯಿತೇ ಹೊರತು ಸಂಶೋಧನೆಯ ವಿಷಯದಲ್ಲಿ ಆಗಲಿಲ್ಲ. ಮುಂದಿನ ಅರ್ಧ ಶತಮಾನವನ್ನು ಪ್ರತಿಕಾಯಗಳ ರಸಾಯನಶಾಸ್ತ್ರವೇ ಆಳಿತು. ರಕ್ತರಸವನ್ನು ಸೀಸೆಯಲ್ಲಿಟ್ಟು ಅಳೆಯಬಹುದು. ಜೀವಂತ ಕಣವನ್ನು ಹಾಗೆ ಅಳೆಯುವುದು ಕಷ್ಟ. ಅಳೆಯಲು ಸುಲಭವಾದುದೇ ಮುಖ್ಯವೆಂದು ಭಾವಿಸುವ ಈ ದೌರ್ಬಲ್ಯವು ನಮ್ಮ ಶಾಸ್ತ್ರವನ್ನು ಅಂದಿನಿಂದ ಇಂದಿನವರೆಗೆ ಬಿಟ್ಟಿಲ್ಲ. 1942ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ ಅವರು ಒಂದು ಬಗೆಯ ಚರ್ಮದ ಪ್ರತಿಕ್ರಿಯೆಯನ್ನು ಒಂದು ಗಿನಿಹಂದಿಯಿಂದ ಇನ್ನೊಂದಕ್ಕೆ ಸಾಗಿಸಲು ಕಣಗಳೇ ಬೇಕು, ರಕ್ತರಸದಿಂದ ಸಾಧ್ಯವಿಲ್ಲವೆಂದು ಸಿದ್ಧಪಡಿಸಿದರೂ, ಆ ಮಾತಿಗೆ ತಕ್ಕ ಶ್ರೋತೃಗಳು ಆಗ ಇರಲಿಲ್ಲ.

ಇನ್ನು ಥೈಮಸ್ ಗ್ರಂಥಿಯ ಸಂಗತಿ. ಎದೆಯ ಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿ, ಎರಡು ಹಾಲೆಗಳಾಗಿ ಮಲಗಿರುವ ಈ ಗ್ರಂಥಿಯು ಶೈಶವದಲ್ಲಿ ಪುಷ್ಟವಾಗಿದ್ದು, ಯೌವನ ಕಳೆದಂತೆ ಕುಗ್ಗಿ ಕೊಬ್ಬಾಗಿ ಮಾರ್ಪಡುತ್ತದೆ. ಪ್ರಾಯದ ಪ್ರಾಣಿಗಳಲ್ಲಿ ಇದನ್ನು ಕತ್ತರಿಸಿ ತೆಗೆದರೂ ಯಾವ ಹಾನಿಯೂ ಕಾಣದಿದ್ದುದರಿಂದ ಇದು ನಿರುಪಯೋಗಿಯಾದ ಅವಶೇಷವೆಂದು ಬಲ್ಲವರು ತೀರ್ಮಾನಿಸಿದ್ದರು. ಇದಕ್ಕಿಂತ ಖೇದಕರವಾದ ಸಂಗತಿಯೊಂದುಂಟು. ದೀರ್ಘಕಾಲ ನರಳಿ ಸತ್ತ ಶಿಶುಗಳ ಶವಗಳಲ್ಲಿ ಕಾಯಿಲೆಯಿಂದಲೇ ಕುಗ್ಗಿಹೋಗಿದ್ದ ಥೈಮಸ್ಸನ್ನು ಸಹಜವಾದುದೆಂದು ಎಣಿಸಿದ ವೈದ್ಯರು, ಹಠಾತ್ತನೆ ಸತ್ತ ಆರೋಗ್ಯವಂತ ಶಿಶುಗಳ ಥೈಮಸ್ಸು ದೊಡ್ಡದಾಗಿದ್ದುದನ್ನು ಕಂಡು, ಅದೇ ಮರಣದ ಕಾರಣವೆಂದು ಬಗೆದು, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದಲ್ಲಿ ಸಾವಿರಾರು ಹಸುಗೂಸುಗಳ ಎದೆಗೆ ಕ್ಷಕಿರಣ ಹಾಯಿಸಿ ಆ ಗ್ರಂಥಿಯನ್ನು ಕುಗ್ಗಿಸಿದರು. ಆ ಮಕ್ಕಳಲ್ಲಿ ಹಲವರಿಗೆ ಮುಂದೆ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರು ಬಂದಿತು. ಒಂದು ಅವಯವದ ಪ್ರಯೋಜನ ನಮಗೆ ತಿಳಿಯದಿರುವುದು ಅದು ನಿಷ್ಪ್ರಯೋಜಕವೆಂಬುದಕ್ಕೆ ಸಾಕ್ಷಿಯಲ್ಲವೆಂಬ ಪಾಠಕ್ಕೆ ಇದಕ್ಕಿಂತ ದೊಡ್ಡ ಬೆಲೆ ಬೇರೆಲ್ಲಿ ತೆತ್ತಿದ್ದಾರೆಯೋ ನಾನರಿಯೆ.

ಇಂಥ ಗ್ರಂಥಿಯ ಹಣೆಬರಹವನ್ನು ತಿದ್ದಿದವರು ಮಿಲ್ಲರ್. 1931ರಲ್ಲಿ ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ಹುಟ್ಟಿ, ಬಾಲ್ಯವನ್ನು ಯೂರೋಪಿನಲ್ಲಿಯೂ ಚೀನಾದ ಶಾಂಘೈ ನಗರದಲ್ಲಿಯೂ ಕಳೆದು, 1941ರಲ್ಲಿ ಯುದ್ಧದ ಭೀತಿಯಿಂದ ತಂದೆತಾಯಿಯರೊಡನೆ ಆಸ್ಟ್ರೇಲಿಯದ ಸಿಡ್ನಿಗೆ ಬಂದು ನೆಲೆಸಿದ ಈ ಬಾಲಕನ ಮನಸ್ಸನ್ನು ವೈದ್ಯವೃತ್ತಿಯ ಕಡೆಗೆ ತಿರುಗಿಸಿದುದು ಕ್ಷಯರೋಗದಿಂದ ಅಕ್ಕ ತೀರಿಕೊಂಡ ದುಃಖ. ಒಂದೇ ಮನೆಯಲ್ಲಿ, ಒಂದೇ ಗಾಳಿಯನ್ನು ಉಸಿರಾಡಿದ ಮಕ್ಕಳಲ್ಲಿ ಒಬ್ಬರನ್ನು ರೋಗ ಕೊಂಡೊಯ್ದು ಉಳಿದವರನ್ನು ಬಿಟ್ಟುದೇಕೆ ಎಂಬ ಪ್ರಶ್ನೆಯು ಈ ಶಾಸ್ತ್ರದ ಮೂಲಪ್ರಶ್ನೆಯೇ ಅಲ್ಲವೆ? ಸಿಡ್ನಿಯಲ್ಲಿ ವೈದ್ಯಶಿಕ್ಷಣ ಮುಗಿಸಿ, ವಿದ್ಯಾರ್ಥಿವೇತನವೊಂದರ ನೆರವಿನಿಂದ 1958ರಲ್ಲಿ ಅವರು ಲಂಡನ್ನಿನ ಚೆಸ್ಟರ್ ಬಿಯಾಟಿ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಅವರಿಗೆ ದೊರೆತ ಜಾಗ ಊರಾಚೆಯ ಪೊಲಾರ್ಡ್ಸ್ ವುಡ್ ಎಂಬ ಶಾಖೆ. ಅಲ್ಲಿ ಹಿಂದೆ ಕುದುರೆಲಾಯವಾಗಿದ್ದ ಕಟ್ಟಡದಲ್ಲಿ ಅವರ ಚಿಟ್ಟಿಲಿಗಳ ಸಾಕಣೆ ನಡೆಯುತ್ತಿತ್ತು.

ಅವರು ಕೈಗೊಂಡುದು ರೋಗರಕ್ಷೆಯ ಸಮಸ್ಯೆಯನ್ನಲ್ಲ, ಇಲಿಗಳ ರಕ್ತದ ಕ್ಯಾನ್ಸರನ್ನು. ಆಗತಾನೆ ಹುಟ್ಟಿದ ಮರಿಗೆ ಗ್ರಾಸ್ ವೈರಸ್ಸನ್ನು ಚುಚ್ಚಿದರೆ ಅದು ಬೆಳೆದ ಮೇಲೆ ಥೈಮಸ್ಸಿನಲ್ಲಿ ಈ ಕ್ಯಾನ್ಸರು ಹುಟ್ಟುತ್ತಿತ್ತು. ತಿಂಗಳು ತುಂಬಿದ ಮೇಲೆ ಥೈಮಸ್ಸನ್ನು ತೆಗೆದುಬಿಟ್ಟರೆ ರೋಗ ಬರುತ್ತಿರಲಿಲ್ಲ. ಹಾಗಾದರೆ ವೈರಸ್ಸು ನೆಲೆಯೂರುವುದಕ್ಕೆ ಎಳೆಯ ಥೈಮಸ್ಸೇ ಬೇಕೆ ಎಂದು ತಿಳಿಯುವುದಕ್ಕಾಗಿ, ವೈರಸ್ಸನ್ನು ಕೊಡುವುದಕ್ಕೆ ಮೊದಲೇ, ಹುಟ್ಟಿದ ದಿನವೇ ಆ ಗ್ರಂಥಿಯನ್ನು ತೆಗೆಯಲು ಮಿಲ್ಲರ್ ನಿಶ್ಚಯಿಸಿದರು. ಹುಟ್ಟಿದ ಚಿಟ್ಟಿಲಿಯ ತೂಕ ಒಂದು ಗ್ರಾಮಿಗಿಂತ ತುಸು ಹೆಚ್ಚು. ಕೂದಲಿಲ್ಲದ, ಕಣ್ತೆರೆಯದ ಆ ಕೆಂಪು ಜೀವದ ಎದೆಯನ್ನು ಸೀಳಿ, ಮಿಡಿಯುವ ಹೃದಯಕ್ಕೆ ತಾಗದಂತೆ ಎರಡು ಬಿಳಿಯ ಹಾಲೆಗಳನ್ನು ಹೊರತೆಗೆದು, ಗಾಯ ಕೂಡಿಸಿ ತಾಯಿಯ ಮಡಿಲಿಗೆ ಹಿಂದಿರುಗಿಸುವ ಹಸ್ತಕೌಶಲವನ್ನು ಓದುಗರು ಊಹಿಸಿಕೊಳ್ಳಬೇಕು. ಮೊಲೆಯುಣ್ಣುವಷ್ಟು ಕಾಲ ಆ ಮರಿಗಳು ಇತರ ಮರಿಗಳಂತೆಯೇ ಬೆಳೆದು, ಹಾಲು ಬಿಟ್ಟ ತರುವಾಯ ಒಂದೊಂದಾಗಿ ಬಡಕಲಾಗಿ, ಭೇದಿಯಾಗಿ, ಸಾಯತೊಡಗಿದವು. ವೈರಸ್ಸು ಪಡೆದವೂ ಸತ್ತುವು, ಪಡೆಯದವೂ ಸತ್ತುವು. ಕ್ಯಾನ್ಸರಿನ ಪ್ರಯೋಗ ಕೆಟ್ಟಿತೆಂದು ಮತ್ತೊಬ್ಬರು ಅವನ್ನು ಎಸೆದುಬಿಡುತ್ತಿದ್ದರೇನೋ. ಮಿಲ್ಲರ್ ಸತ್ತವನ್ನು ಕೊಯ್ದು ನೋಡಿದರು: ಗುಲ್ಮದಲ್ಲಿಯೂ ದುಗ್ಧಗ್ರಂಥಿಗಳಲ್ಲಿಯೂ ಇರಬೇಕಾದ ಲಿಂಫೊಸೈಟ್ ಎಂಬ ಕಣಗಳು ತೀರ ವಿರಳವಾಗಿದ್ದುವು, ಯಕೃತ್ತಿನಲ್ಲಿ ಸೋಂಕಿನ ಗುರುತುಗಳಿದ್ದುವು. ಆಗ ಅವರು ಅಂಥ ಇಲಿಗಳಿಗೆ ಬೇರೆ ತಳಿಯ ಇಲಿಯ ಚರ್ಮವನ್ನು ಕಸಿ ಮಾಡಿದರು. ಸಾಮಾನ್ಯವಾದ ಇಲಿ ಅನ್ಯಚರ್ಮವನ್ನು ಕೆಲವೇ ದಿನಗಳಲ್ಲಿ ತಿರಸ್ಕರಿಸುತ್ತದೆ. ಇವು ಅದನ್ನು ತಮ್ಮದೇ ಎಂಬಂತೆ ಉಳಿಸಿಕೊಂಡು ಅದರ ಮೇಲೆ ಬೇರೆ ಬಣ್ಣದ ರೋಮವನ್ನೂ ಬೆಳೆಸಿದುವು. ಥೈಮಸ್ಸು ಶೈಶವದಲ್ಲಿಯೇ ರಕ್ಷಕ ಕಣಗಳನ್ನು ಸಿದ್ಧಗೊಳಿಸಿ ದೇಹಕ್ಕೆಲ್ಲ ಕಳುಹಿಸುವ ಸ್ಥಾನವೆಂಬ ತೀರ್ಮಾನವು 1961ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹೊಸ ಮಾತನ್ನು ಹಿರಿಯರು ಒಡನೆ ಒಪ್ಪಲಿಲ್ಲ. ಕಸಿಯ ತಿರಸ್ಕಾರವನ್ನು ಕುರಿತ ಅಧ್ಯಯನಕ್ಕೆ ಅಡಿಪಾಯ ಹಾಕಿದ ಮೆಡವಾರರೇ, 1963ರಷ್ಟು ಈಚೆಗೆ, ಥೈಮಸ್ಸಿನಲ್ಲಿ ಲಿಂಫೊಸೈಟುಗಳಿರುವುದು ಜೀವವಿಕಾಸದ ಒಂದು ಆಕಸ್ಮಿಕವಾಗಿದ್ದೀತೆಂಬ ಅರ್ಥದ ಮಾತನ್ನಾಡಿದರು. ಲಾಯದ ಕೊಳಕಿನಲ್ಲಿ ಬೆಳೆದ ಇಲಿಗಳು ಸೊರಗಿದ್ದರಲ್ಲಿ ಆಶ್ಚರ್ಯವೇನೆಂಬ ಆಕ್ಷೇಪಕ್ಕೆ ಉತ್ತರವಾಗಿ ಮಿಲ್ಲರ್ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ನಿಷ್ಕ್ರಿಮಿ ವಾತಾವರಣದಲ್ಲಿ ಸಾಕಿದ ಇಲಿಗಳ ಮೇಲೆ ಪ್ರಯೋಗ ನಡೆಸಿದರು. ಥೈಮಸ್ಸಿಲ್ಲದ ಆ ಇಲಿಗಳು ಸೊರಗಲಿಲ್ಲ, ಆದರೂ ಅನ್ಯಚರ್ಮವನ್ನು ತಿರಸ್ಕರಿಸಲಾರದೆ ಹೋದುವು. ಮಿನಸೋಟದ ರಾಬರ್ಟ್ ಗುಡ್ಡರ ತಂಡವೂ ವಾಕ್ಸ್‌ಮನ್ನರ ತಂಡವೂ 1962ರ ಹೊತ್ತಿಗೆ ಇದೇ ನಿರ್ಣಯದ ಬಳಿಗೆ ಬೇರೆ ದಾರಿಗಳಿಂದ ಬಂದಿದ್ದರೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಆದರೆ ಸಂಗತಿಯ ಪೂರ್ಣಾರ್ಥವನ್ನು ಮೊದಲು ಗ್ರಹಿಸಿದವರು ಮಿಲ್ಲರ್ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಉಳಿದಿದ್ದ ಗಂಟು ಇದು: ಪ್ರತಿಕಾಯಗಳನ್ನು ಮಾಡುವವು ಥೈಮಸ್ಸಿನ ಕಣಗಳೆ, ಬೇರೆಯವೆ? ಕೋಳಿಯ ಗುದದ ಬಳಿಯಿರುವ ಬರ್ಸಾ ಎಂಬ ಚೀಲವನ್ನು ಎಳವೆಯಲ್ಲಿ ತೆಗೆದರೆ ಪ್ರತಿಕಾಯಗಳು ಹುಟ್ಟುವುದಿಲ್ಲವೆಂಬುದನ್ನು 1956ರಲ್ಲಿ ಗ್ಲಿಕ್ ಮತ್ತು ಚಾಂಗ್ ತೋರಿಸಿದ್ದರು. ಅವರ ಲೇಖನ ಕೋಳಿಸಾಕಣೆಯ ಪತ್ರಿಕೆಯಲ್ಲಿ ಅಚ್ಚಾದುದರಿಂದ ಪಂಡಿತರ ಕಣ್ಣಿಗೆ ಬಹುಕಾಲ ಬೀಳಲಿಲ್ಲ. ಅದನ್ನು ಹಿಡಿದು 1965ರಲ್ಲಿ ಮ್ಯಾಕ್ಸ್ ಕೂಪರ್, ಕೋಳಿಯಲ್ಲಿ ರಕ್ಷಕ ಕಣಗಳ ಎರಡು ವಂಶಗಳಿವೆಯೆಂದು ಸ್ಥಾಪಿಸಿದರು. ಸಸ್ತನಿಗಳಿಗೆ ಬರ್ಸಾ ಇಲ್ಲ. 1966ರಲ್ಲಿ ಸಹಪಾಠಿಯಾಗಿದ್ದ ಗುಸ್ಟಾವ್ ನೊಸ್ಸಾಲರ ಕರೆಯಂತೆ ಮೆಲ್ಬರ್ನಿನ ವಾಲ್ಟರ್ ಮತ್ತು ಎಲೈಜಾ ಹಾಲ್ ಸಂಸ್ಥೆಗೆ ಬಂದ ಮಿಲ್ಲರ್, ಶಿಷ್ಯ ಗ್ರಹಾಮ್ ಮಿಚೆಲ್ಲರೊಡನೆ ಈ ಗಂಟನ್ನು ಬಿಡಿಸಿದರು. ಥೈಮಸ್ಸು ತೆಗೆದು ವಿಕಿರಣಕ್ಕೆ ಒಡ್ಡಿದ ಇಲಿಗಳಿಗೆ ಬರಿಯ ಅಸ್ಥಿಮಜ್ಜೆಯ ಕಣಗಳನ್ನು ಕೊಟ್ಟು ಕುರಿಯ ಕೆಂಪು ರಕ್ತಕಣಗಳನ್ನು ಚುಚ್ಚಿದರೆ ಪ್ರತಿಕಾಯಗಳು ಹುಟ್ಟಲಿಲ್ಲವೆಂದೇ ಹೇಳಬೇಕು. ಜೊತೆಗೆ ಥೈಮಸ್ ಮೂಲದ ಕಣಗಳನ್ನೂ ಕೊಟ್ಟರೆ ಹೇರಳವಾಗಿ ಹುಟ್ಟಿದುವು. ಲೆಕ್ಕ ಹಾಕಿದ ವಿಧಾನವು ಜೆರ್ನೆ ಕಂಡುಹಿಡಿದದ್ದು: ಗುಲ್ಮದ ಕಣಗಳನ್ನು ಕುರಿಯ ರಕ್ತಕಣಗಳೊಡನೆ ತೆಳುವಾದ ಅಗರಿನ ಪದರದಲ್ಲಿ ಹರಡಿದಾಗ, ಪ್ರತಿಕಾಯ ಸ್ರವಿಸುವ ಪ್ರತಿಯೊಂದು ಕಣದ ಸುತ್ತಲೂ ಕೆಂಪು ಕರಗಿ ತಿಳಿಯಾದ ಒಂದು ಚುಕ್ಕೆ ಮೂಡುತ್ತದೆ, ಆ ಚುಕ್ಕೆಗಳನ್ನು ಬೆಳಕಿಗೆ ಹಿಡಿದು ಎಣಿಸಬಹುದು. ಎರಡು ತಳಿಗಳ ಕಣಗಳನ್ನು ಬೆರೆಸಿ, ಒಂದು ತಳಿಯದನ್ನು ಮಾತ್ರ ಕೊಲ್ಲುವ ರಕ್ತರಸವನ್ನು ಹಾಕಿ ನೋಡಿದಾಗ, ಚುಕ್ಕೆ ಮೂಡಿಸಿದ ಕಣಗಳು ಮಜ್ಜೆಯವೇ ಹೊರತು ಥೈಮಸ್ಸಿನವಲ್ಲವೆಂಬುದು 1968ರಲ್ಲಿ ನಿಸ್ಸಂಶಯವಾಯಿತು. ಡೆನ್ವರಿನ ಕ್ಲಾಮನ್ 1966ರಲ್ಲಿಯೇ ಈ ಸಹಕಾರವನ್ನು ಕಂಡಿದ್ದರೂ ಯಾವ ಕಣ ಯಾವ ಕೆಲಸ ಮಾಡುತ್ತದೆಂಬುದನ್ನು ಬೇರ್ಪಡಿಸಿ ತೋರಿಸಿದ ಕೀರ್ತಿ ಮೆಲ್ಬರ್ನಿನವರದು. ಬೆರಳಿಗೆ ಸಿಕ್ಕಿದ ಅಳತೆಗೋಲಾದ ಪ್ರತಿಕಾಯವೇ, ತನ್ನ ಜನ್ಮಕ್ಕೆ ಅಳತೆಗೆ ಸಿಕ್ಕದ ಇನ್ನೊಂದು ಕಣದ ನೆರವನ್ನು ಬೇಡುತ್ತದೆಂಬುದು ಇದರಿಂದ ಸಿದ್ಧವಾಯಿತು.

ಥೈಮಸ್ಸಿನವು ಟಿ ಕಣಗಳು, ಮಜ್ಜೆಯವು ಬಿ ಕಣಗಳು ಎಂಬ ಈ ವಿಭಾಗವಾದ ಮೇಲೆ ಶಾಸ್ತ್ರದ ನಡಿಗೆಯೇ ಬದಲಾಯಿತು. 1974ರಲ್ಲಿ ಕ್ಯಾನ್‌ಬೆರಾದಲ್ಲಿ ಜಿಂಕರ್‌ನಾಗೆಲ್ ಮತ್ತು ಡೊಹರ್ಟಿ, ಟಿ ಕಣವು ವೈರಸ್ಸನ್ನು ಬಿಡಿಯಾಗಿ ಗುರುತಿಸದೆ ತನ್ನ ದೇಹದ ಗುರುತಿನೊಡನೆ ಕೂಡಿಸಿಯೇ ಗುರುತಿಸುತ್ತದೆಂದು ತೋರಿಸಿದರು. 1984ರಲ್ಲಿ ಟಿ ಕಣದ ಗ್ರಾಹಕದ ವಂಶವಾಹಿಗಳು ದೊರೆತುವು. ಏಡ್ಸ್ ರೋಗವು ಒಂದು ಬಗೆಯ ಟಿ ಕಣವನ್ನು ನಾಶಪಡಿಸಿಯೇ ಇಡೀ ರಕ್ಷಣೆಯನ್ನು ಕುಸಿಯುವಂತೆ ಮಾಡುತ್ತದೆಂಬುದು ತಿಳಿದಾಗ, ಮಿಲ್ಲರರ ಬಡಕಲು ಇಲಿಗಳ ದಾರುಣಸ್ಥಿತಿಯೇ ಮನುಷ್ಯಕುಲದಲ್ಲಿ ಮರುಕಳಿಸಿದಂತಾಯಿತು. ಶಸ್ತ್ರಕ್ರಿಯೆಯ ದಿನದ ಮಹತ್ತ್ವವೂ ಮುಂದೆ ಬೆಳಗಿತು. ಹುಟ್ಟಿದ ಮೂರನೆಯ ದಿನ ಥೈಮಸ್ಸು ತೆಗೆದರೆ ಇಲಿಗಳು ಸೋಂಕಿನಿಂದ ಸೊರಗುವುದಕ್ಕೆ ಬದಲಾಗಿ ತಮ್ಮ ಅಂಡಾಶಯವನ್ನು ತಾವೇ ಹಾಳುಮಾಡಿಕೊಳ್ಳುತ್ತವೆಂದು 1969ರಲ್ಲಿ ನಿಷಿಜುಕ ಮತ್ತು ಸಕಾಕುರ ಕಂಡಿದ್ದರು. ಆ ವಿಚಿತ್ರವನ್ನು ಬಿಡದೆ ಬೆನ್ನಟ್ಟಿದ ಸಕಾಗುಚಿ 1995ರಲ್ಲಿ ಇತರ ಕಣಗಳನ್ನು ಹದ್ದಿನಲ್ಲಿಡುವ ನಿಯಂತ್ರಕ ಟಿ ಕಣಗಳನ್ನು ಗುರುತಿಸಿ, 2025ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಮಿಲ್ಲರರಿಗೂ ಕೂಪರರಿಗೂ 2019ರಲ್ಲಿ ಲಾಸ್ಕರ್ ಪ್ರಶಸ್ತಿ ಸಂದಿತು, ನೊಬೆಲ್ ಸಂದಿಲ್ಲ. ಹೂವಿಗೆ ಪೂಜೆ ಸಂದು ಬೇರಿಗೆ ಸಲ್ಲದಿರುವುದು ಪ್ರಶಸ್ತಿಯ ಲೋಪವೇ ಹೊರತು ಬೇರಿನದಲ್ಲ.

ನಮ್ಮ ನಾಡಿಗೆ ಈ ಚರಿತ್ರೆಯ ಸಂಬಂಧವಿಲ್ಲವೆ? ಮಿಲ್ಲರರ ಲೇಖನ ಹೊರಬೀಳುವ ಆಸುಪಾಸಿನಲ್ಲಿಯೇ, 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಜನರ ಮುಂದೋಳಿಗೆ ಟ್ಯೂಬರ್ಕ್ಯುಲಿನ್ ಚುಚ್ಚಿ, ಕೆಲವು ದಿನ ಕಳೆದ ಮೇಲೆ ಮರಳಿ ಬಂದು, ಗಡುಸಾದ ಬಾವನ್ನು ಮಿಲಿಮೀಟರುಗಳಲ್ಲಿ ಅಳೆದು ಬರೆದುಕೊಳ್ಳುತ್ತಿದ್ದರು. ಆ ಬಾವು ಟಿ ಕಣಗಳ ಕಾರ್ಯ. ಹೆಸರೇ ಹುಟ್ಟಿರದ ಕಣದ ಗುರುತನ್ನು ನಮ್ಮ ಕಾರ್ಯಕರ್ತರು ಹಳ್ಳಿಯ ಜಗಲಿಗಳ ಮೇಲೆ ಕುಳಿತು ಶ್ರದ್ಧೆಯಿಂದ ದಾಖಲಿಸಿದರು. ಅನಂತರ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಮೊದಲಾಗಿ ಎರಡೂವರೆ ಲಕ್ಷಕ್ಕೂ ಮಿಕ್ಕ ಜನರಲ್ಲಿ ನಡೆದ ಬಿ.ಸಿ.ಜಿ. ಪರೀಕ್ಷೆಯಲ್ಲಿ, ಲಸಿಕೆಯಿಂದ ತೋಳಿನ ಬಾವು ಮೂಡಿದರೂ ಪ್ರಾಯದವರ ಶ್ವಾಸಕೋಶದ ಕ್ಷಯಕ್ಕೆ ತಡೆ ದೊರೆಯಲಿಲ್ಲ. ಅಳತೆ ಒಂದು, ರಕ್ಷೆ ಇನ್ನೊಂದು ಎಂಬ ಅರಿವನ್ನು ಇದಕ್ಕಿಂತ ಸ್ಫುಟವಾಗಿ ಕೊಟ್ಟ ಪ್ರಯೋಗ ಲೋಕದಲ್ಲಿ ವಿರಳ. ಅದರ ಕಾರಣವನ್ನು ಕಣಗಳ ಮಟ್ಟದಲ್ಲಿ ಕೊನೆಮುಟ್ಟ ಹುಡುಕುವ ಹೊಣೆ ಪ್ರಥಮತಃ ನಮ್ಮದಾಗಿತ್ತು. ಆ ಹೊಣೆಯನ್ನು ನಾವು ಇನ್ನೂ ಪೂರ್ತಿಯಾಗಿ ಹೊತ್ತಿಲ್ಲ.

ಇದಕ್ಕೂ ಹತ್ತಿರದ ಕೊರತೆಯೊಂದಿದೆ. ಅಪೌಷ್ಟಿಕತೆಗೆ ಸಿಕ್ಕಿದ ಮಗುವಿನಲ್ಲಿ ಇತರ ಅವಯವಗಳಿಗಿಂತ ಬೇಗನೆ ಕುಗ್ಗುವುದು ಥೈಮಸ್ಸು. ಮಿಲ್ಲರ್ ಕತ್ತರಿಯಿಂದ ಮಾಡಿದುದನ್ನು ಹಸಿವು ಮೆಲ್ಲನೆ ಮಾಡುತ್ತದೆ. ಆ ಮಗುವಿಗೆ ದಡಾರವೂ ಭೇದಿಯೂ ಪ್ರಾಣಾಂತಿಕವಾಗುವುದಕ್ಕೆ ಇದೊಂದು ಕಾರಣ. ಹಾಗಿದ್ದೂ ನಮ್ಮಲ್ಲಿ ಲಸಿಕೆಯ ಫಲವನ್ನು ಪರೀಕ್ಷಿಸುವಾಗ ಪ್ರತಿಕಾಯವನ್ನು ಅಳೆದು ತೃಪ್ತರಾಗುವುದೇ ರೂಢಿ. ಟಿ ಕಣಗಳ ಪರೀಕ್ಷೆಗೆ ಜೀವಂತ ಕಣಗಳನ್ನು ರಕ್ತ ತೆಗೆದ ಕೆಲವೇ ಗಂಟೆಗಳೊಳಗೆ ಬೇರ್ಪಡಿಸಿ ಕಾಪಾಡಬೇಕಾಗಿದ್ದು, ಅದಕ್ಕೆ ಬೇಕಾದ ಸಲಕರಣೆಯೂ ನುರಿತ ಕೈಗಳೂ ಜಿಲ್ಲಾ ಆಸ್ಪತ್ರೆಗಳ ಬಳಿಯಲ್ಲಿ ಇಲ್ಲ. ಇವನ್ನು ಒದಗಿಸುವುದು ಅಸಾಧ್ಯವಲ್ಲ. ತುಮಕೂರಿನ ಹಳ್ಳಿಗಳಲ್ಲಿ ಮನೆಮನೆಗೂ ನಡೆದು ಅಳೆದ ಪೀಳಿಗೆಯು ಕೈಯಲ್ಲಿದ್ದ ಅಳತೆಪಟ್ಟಿಯಿಂದ ಸಾಧಿಸಿದುದು ಅಲ್ಪವೇನಲ್ಲ. ಇಂದಿನ ಪೀಳಿಗೆಯು ಅದೇ ಶ್ರದ್ಧೆಯಿಂದ ನಮ್ಮ ಬಡಮಕ್ಕಳ ಟಿ ಕಣಗಳನ್ನು ಹುಟ್ಟಿನಿಂದ ಐದು ವರ್ಷದವರೆಗೆ ಅನುಸರಿಸಿ ಅಧ್ಯಯನ ಮಾಡಬೇಕು, ಹಾಗೆ ಮಾಡುವವರಿಗೆ ಸರಕಾರವೂ ವಿಶ್ವವಿದ್ಯಾಲಯಗಳೂ ದೀರ್ಘಕಾಲದ ಆಶ್ರಯ ಕೊಡಬೇಕು. ಯಾವ ಲಸಿಕೆ, ಯಾವ ವಯಸ್ಸಿನಲ್ಲಿ, ಎಷ್ಟು ಅನ್ನದ ಜೊತೆಗೆ ಕೊಟ್ಟರೆ ನಮ್ಮ ಮಕ್ಕಳು ಉಳಿಯುತ್ತಾರೆಂಬುದನ್ನು ಹೊರನಾಡಿನ ಇಲಿಗಳಾಗಲಿ ಹೊರನಾಡಿನ ಮಕ್ಕಳಾಗಲಿ ನಮಗೆ ಹೇಳಿಕೊಡಲಾರರು. ಅದನ್ನು ನಾವೇ ಕಂಡುಕೊಳ್ಳತಕ್ಕದ್ದು.